ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿ

(ನೂಲು ಹುಣ್ಣಿಮೆಯ ಸಂಜೆ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನೂಲು ಹುಣ್ಣಿಮೆ. ಹಗ್ಗ ಹೊಸೆದು ಬದುಕಿದ ಶರಣ ನುಲಿಯ ಚಂದಯ್ಯನ ಜಯಂತಿಯನ್ನು ನಾಡು ಆಚರಿಸುವ ದಿನವೂ ಇದೇ. ಶ್ರಾವಣದಲ್ಲಿ ಊರೂರಿನ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಪ್ರವಚನ ನಡೆಯುತ್ತದೆ. ಸೋಮವಾರ ಒಪ್ಪೊತ್ತು ಇರುವವರು ನಿಮ್ಮಲ್ಲಿಯೂ ಬಹಳ ಮಂದಿ ಇದ್ದೀರಿ. ಆದುದರಿಂದ ಇಂದು ಶಿವಶರಣರ ಕಥೆಗಳನ್ನೇ ಹೇಳುವುದೆಂದು ನಿಶ್ಚಯಿಸಿದ್ದೇವೆ. ಕಥೆಗಳು ನಿಮಗೆ ಹೊಸವಲ್ಲ. ಅಜ್ಜಿಯಿಂದಲೋ ಕೀರ್ತನಕಾರರಿಂದಲೋ ಕೇಳಿಯೇ ಇದ್ದೀರಿ. ಆದರೆ ಕೇಳಿದ ಕಥೆಯನ್ನು ಯಾರ ಕಡೆ ನಿಂತು ಹೇಳಲಾಯಿತು ಎಂಬುದನ್ನು ಒಮ್ಮೆ ವಿಚಾರಿಸಬೇಕಾಗಿದೆ.

ಕಾಯಕವೆಂದರೆ ಕೈಲಾಸ ಎಂಬ ಮಾತನ್ನು ಅರಿಯದವರು ಕನ್ನಡ ನಾಡಿನಲ್ಲಿ ಯಾರಿದ್ದಾರೆ? ಕಛೇರಿಯ ಗೋಡೆಯ ಮೇಲೆ, ಕಾರಖಾನೆಯ ಬಾಗಿಲ ಮೇಲೆ ಅದನ್ನು ಬರೆಸಿರುತ್ತಾರೆ. ಬಹಳ ಜನ ಅದು ಬಸವಣ್ಣನವರ ಮಾತೆಂದೇ ತಿಳಿದಿದ್ದಾರೆ. ವಚನಗಳನ್ನು ತೆರೆದು ನೋಡಿದರೆ ಅದು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಮಾರಯ್ಯನಾದರೋ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವನು. ಈ ವ್ಯತ್ಯಾಸ ಸಣ್ಣದಲ್ಲ. ದುಡಿಯುವವನು ತನ್ನ ದುಡಿಮೆಯ ಬಗ್ಗೆ ಆಡಿದ ಮಾತನ್ನು ಕಸಿದುಕೊಂಡು, ದುಡಿಸುವವನು ಅದನ್ನೇ ತಿರುಗಿಸಿ ದುಡಿಯುವವನಿಗೆ ಉಪದೇಶಿಸತೊಡಗಿದರೆ ಅರ್ಥ ತಲೆಕೆಳಗಾಗುತ್ತದೆ. ಬೋನಸ್ಸಿನ ಮಾತು ಎತ್ತಿದಾಗಲೆಲ್ಲ ಕಾಯಕದ ಉಪದೇಶ ಕೇಳಬೇಕಾಗಿ ಬಂದದ್ದು ನಿಮಗೂ ಗೊತ್ತು, ನಮಗೂ ಗೊತ್ತು.

ಈಗ ಕಥೆಗೆ ಬರೋಣ. ಮಾರಯ್ಯ, ಲಕ್ಕಮ್ಮ ಗಂಡಹೆಂಡಿರು. ಊರು ಅಮರೇಶ್ವರ, ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ, ಅಂದರೆ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣಕ್ಕೆ, ಬಂದು ನೆಲೆಸಿದರು. ಬಸವಣ್ಣನವರ ಮಹಾಮನೆಯಲ್ಲಿ ದಿನವೂ ದಾಸೋಹ. ಅಂಗಳದಲ್ಲಿ ಅಕ್ಕಿ ಚೆಲ್ಲುತ್ತಿತ್ತು. ಅದನ್ನು ಆಯ್ದು ತರುವುದು ಮಾರಯ್ಯನ ಕಾಯಕ. ತಂದದ್ದನ್ನು ಲಕ್ಕಮ್ಮ ಅಡಿಗೆ ಮಾಡಿ, ಬಂದ ಜಂಗಮರಿಗೆ ಉಣಿಸಿ, ಉಳಿದದ್ದನ್ನು ಇಬ್ಬರೂ ಉಣ್ಣುವರು. ನಾಳೆಗೆಂದು ಗಡಿಗೆಯಲ್ಲಿ ಇಡುವ ರೂಢಿ ಇಲ್ಲ.

ಒಂದು ದಿನ ಮಾರಯ್ಯ ಅನುಭವ ಮಂಟಪದ ಚರ್ಚೆಯಲ್ಲಿ ಮೈಮರೆತು ಕುಳಿತುಬಿಟ್ಟ. ದೊಡ್ಡ ದೊಡ್ಡ ತತ್ತ್ವದ ಮಾತು; ಹೊತ್ತು ಹೋದದ್ದು ತಿಳಿಯಲಿಲ್ಲ. ಲಕ್ಕಮ್ಮ ಅವನನ್ನು ಎಬ್ಬಿಸಿದಳು. ಚರ್ಚೆ ಇರಲಿ, ಕೆಲಸ ನಿಂತಿದೆ, ಮೊದಲು ಅದಕ್ಕೆ ಹೋಗು ಎಂದಳು. (ನಮ್ಮಂಥ ಭಾಷಣಕಾರರು ಈ ಭಾಗವನ್ನು ಬೇಗ ದಾಟಿಸಿಬಿಡುವುದು ವಾಡಿಕೆ.) ಕೆಲಸದ ಉಪದೇಶಕ್ಕೆ ಬಳಸುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನೋಡಿರಿ, ಲಕ್ಕಮ್ಮನೇ ಗಂಡನನ್ನು ಕೆಲಸಕ್ಕೆ ಅಟ್ಟಿದಳು, ನೀವೂ ಹಾಗೆಯೇ ದುಡಿಯಿರಿ ಎನ್ನುತ್ತಾರೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಸವಣ್ಣನವರು ಇವರನ್ನು ಪರೀಕ್ಷಿಸಲೆಂದು ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದರು. ಮಾರಯ್ಯ ಆಯ್ದ, ಸೆರಗು ತುಂಬಿತು, ಎಂದಿಗಿಂತ ಭಾರವಾಗಿ ಮನೆಗೆ ಬಂತು. ಬಡವರ ಮನೆ. ಎರಡು ದಿನದ ಅಕ್ಕಿ ಒಮ್ಮೆಗೇ ಬಂದರೆ ಹೆಂಡತಿ ಹಿಗ್ಗಬೇಕಲ್ಲವೆ? ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ಎಂದಿನ ಅಕ್ಕಿಯಲ್ಲ, ನಿನ್ನ ಮನಸ್ಸು ತಂದದ್ದೋ ಬಸವಣ್ಣನವರ ಅನುಮಾನ ತಂದದ್ದೋ ಎಂಬ ಅರ್ಥದಲ್ಲಿ ಕೇಳಿದಳು. ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಮರುಮಾತಾಡದೆ ಹೋಗಿ ಸುರಿದು ಬಂದ.

ಮುಂದೆ ಅದೇ ಅಳತೆಯ ಅಕ್ಕಿಯಲ್ಲಿ ಬಸವಣ್ಣನವರಿಗೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೂ ಊಟವಾಯಿತು ಎಂದು ಪರಂಪರೆ ಹೇಳುತ್ತದೆ. ನಂಬುವವರು ನಂಬಲಿ, ನಮಗೆ ಅದರಲ್ಲಿ ತಕರಾರಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸುವುದು ಅದಕ್ಕೆ ಹಿಂದಿನ ಗಳಿಗೆ, ಲಕ್ಕಮ್ಮ ಅಕ್ಕಿಯನ್ನು ಕಣ್ಣಳತೆ ಮಾಡಿದ ಗಳಿಗೆ. ಮನೆ ನಡೆಸುವ ಹೆಂಗಸಿಗೆ ಒಂದು ಹಿಡಿ ಹೆಚ್ಚು ಕಡಿಮೆಯಾದರೂ ಕೈಗೆ ತಿಳಿಯುತ್ತದೆ. ಇಡೀ ತತ್ತ್ವ ಆ ಕೈಯಲ್ಲಿದೆ. ಈಕೆಯ ವಚನಗಳು ಸುಮಾರು 25 ಸಿಕ್ಕಿವೆ. ಓದಿ ನೋಡಿರಿ, ತಾನು ಬಡವಿ ಎಂದು ಆಕೆ ಎಲ್ಲಿಯೂ ಗೋಳಿಡುವುದಿಲ್ಲ.

ಕಳೆದ ಸಲ ಒಬ್ಬ ಸಂಗಾತಿ ನಮ್ಮನ್ನು ಕೇಳಿದರು: ಲಕ್ಕಮ್ಮ ಹೆಚ್ಚಿನದನ್ನು ಬೇಡವೆಂದಳಲ್ಲ, ಹಾಗಾದರೆ ನಾವೂ ಪಗಾರ ಹೆಚ್ಚಿಸಿರೆಂದು ಕೇಳುವುದು ತಪ್ಪೆ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಚಂದಯ್ಯನ ಕಥೆಯಲ್ಲಿದೆ.

ನುಲಿಯ ಚಂದಯ್ಯ ವಿಜಾಪುರ ಸೀಮೆಯ ಶಿವಣಗಿಯವನು. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯ ಅದನ್ನು ಎತ್ತಲಿಲ್ಲ. ಹೊರೆ ಕಟ್ಟಿಕೊಂಡು ನಡೆದ. ಲಿಂಗವೇ ಬೆನ್ನಹತ್ತಿ ಬಂದು ಗೋಗರೆಯಿತಂತೆ. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ. ಚಂದಯ್ಯ ಒಂದು ಕರಾರು ಹಾಕಿದ: ಲಿಂಗವೂ ಕಾಯಕ ಮಾಡಬೇಕು, ಹಗ್ಗ ಹೊತ್ತು ಪೇಟೆಯಲ್ಲಿ ಮಾರಿ ಬರಬೇಕು. ಗುರುವಾಗಲಿ ಲಿಂಗವಾಗಲಿ ಜಂಗಮನಾಗಲಿ, ದುಡಿಮೆಯಿಂದ ಯಾರಿಗೂ ವಿನಾಯಿತಿ ಇಲ್ಲ ಎಂಬುದು ಅವನ ವಾದ. ಹದಿನೈದನೆಯ ಶತಮಾನದಿಂದ ಬೆಳೆದುಬಂದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವಿನೆದುರಿಗೂ ಅವನು ಹಟ ಬಿಡದೆ ಇದೇ ವಾದ ಹೂಡುತ್ತಾನೆ.

ಲಿಂಗ ಹಗ್ಗ ಹೊತ್ತುಕೊಂಡು ಬಸವಣ್ಣನವರ ಬಳಿಗೆ ಹೋಯಿತು. ಅವರು ಭಕ್ತಿಯ ಭರದಲ್ಲಿ ಹಗ್ಗದ ಬೆಲೆಗಿಂತ ಎಷ್ಟೋ ಪಟ್ಟು ಹೊನ್ನು ಕೊಟ್ಟು ಕಳಿಸಿದರು. ಚಂದಯ್ಯ ಸಿಡಿದೆದ್ದ. ಹಗ್ಗಕ್ಕೆ ಸಲ್ಲುವ ಬೆಲೆ ಸಾಕು, ಮಿಕ್ಕದ್ದು ಹಿಂದಕ್ಕೆ ಹೋಗಲಿ ಎಂದ.

ಸಂಗಾತಿಗಳೆ, ಈ ಚಂದಯ್ಯ ಕೂಲಿಗಾರನೂ ಹೌದು, ಸಣ್ಣ ವ್ಯಾಪಾರಿಯೂ ಹೌದು; ಈ ಕೂಟದ ಎರಡೂ ಬದಿಯವರಿಗೆ ನೆಂಟ. ಹಗ್ಗಕ್ಕೆ ಒಂದು ಸಲ್ಲುವ ಬೆಲೆ ಉಂಟು ಎಂದು ಅವನು ಹೇಳಿದ್ದರಲ್ಲಿಯೇ ಪಗಾರದ ಪ್ರಶ್ನೆಗೆ ಉತ್ತರವಿದೆ. ಸಲ್ಲುವ ಬೆಲೆ ಎಂಬುದೊಂದು ಇದ್ದರೆ ಅದಕ್ಕಿಂತ ಹೆಚ್ಚು ಪಡೆಯುವುದು ಹೇಗೆ ತಪ್ಪೋ ಕಡಿಮೆ ಕೊಡುವುದೂ ಹಾಗೆಯೇ ತಪ್ಪು. ಎಂಟು ತಾಸಿನ ದುಡಿಮೆಗೆ ಸಲ್ಲುವುದನ್ನು ಕೇಳುವವನು ಅಂಗಳದ ಹೆಚ್ಚಿನ ಅಕ್ಕಿಯನ್ನು ಕೇಳುತ್ತಿಲ್ಲ. ಸಗಟು ಅಂಗಡಿಯವನು ಹೇಳಿದ ದರಕ್ಕೆ ತಲೆಬಾಗಿ ಮಾಲು ತಂದು, ಉದ್ರಿ ಕೊಟ್ಟು, ತಿಂಗಳ ಕೊನೆಗೆ ಕೈ ಬರಿದಾಗಿಸಿಕೊಳ್ಳುವ ಕಿರಾಣಿ ಅಂಗಡಿಯವರಿಗೂ ಇದೇ ಮಾತು. ಹಾಗೆಯೇ, ಅದೇ ಅಂಗಡಿಯ ತಕ್ಕಡಿಗೂ ಈ ಮಾತು ತಗಲುತ್ತದೆ. ನೂರು ಗ್ರಾಮು ಕಡಿಮೆ ತೂಗಿ ಶ್ರಾವಣ ಸೋಮವಾರ ಬಿಲ್ವಪತ್ರೆ ಏರಿಸಿದರೆ ಚಂದಯ್ಯ ಒಪ್ಪುತ್ತಿದ್ದನೆಂದು ನಮಗೆ ತೋರುವುದಿಲ್ಲ. ವ್ಯಾಪಾರಿ ಬಂಧುಗಳು ನಗುತ್ತಿದ್ದೀರಿ, ಸಂತೋಷ.

ಎರಡೂ ಕಥೆಗಳಲ್ಲಿ ಹೆಚ್ಚಿನದನ್ನು ಕೊಟ್ಟವರು ಯಾರು? ಭಂಡಾರದ ಕೀಲಿ ಹಿಡಿದ ಬಸವಣ್ಣನವರು. ತಿದ್ದಿದವರು ಯಾರು? ಅಕ್ಕಿ ಆಯುವವನ ಹೆಂಡತಿ, ಹಗ್ಗ ಮಾರುವವ. ಕಟ್ಟಿಗೆ ಮಾರುತ್ತಿದ್ದ ಮೋಳಿಗೆ ಮಾರಯ್ಯನ ಮನೆಯಲ್ಲಿ ಬಸವಣ್ಣನವರು ಅಂಬಲಿ ಕುಡಿದು ಗುಟ್ಟಾಗಿ ಹೊನ್ನು ಇಟ್ಟು ಬಂದಾಗಲೂ ಅದು ಆ ಮನೆಯಲ್ಲಿ ಉಳಿಯಲಿಲ್ಲ, ಜಂಗಮರ ಪಾಲಾಯಿತು. ಈ ಕಥೆಗಳನ್ನು ಹೇಳಿಕೊಂಡು ಬಂದವರು ಬಸವಣ್ಣನವರನ್ನು ಪೂಜಿಸುವವರೇ. ತಮ್ಮ ಹಿರಿಯನು ಬಡವರಿಂದ ತಿದ್ದಿಸಿಕೊಂಡದ್ದನ್ನು ಅವರು ಮುಚ್ಚಿಡಲಿಲ್ಲ. ಬಸವಣ್ಣನವರೂ ಈ ಕಥೆಗಳಲ್ಲಿ ಸಿಟ್ಟಾಗುವುದಿಲ್ಲ. ಅವರ ದೊಡ್ಡತನ ನಮಗೆ ಇಲ್ಲಿ ಕಾಣುವಷ್ಟು ಬೇರೆಲ್ಲಿಯೂ ಕಾಣುವುದಿಲ್ಲ. ಅವರ ಹೆಸರಿನಲ್ಲಿ ಜಯಂತಿಯ ಪೆಂಡಾಲು ಹಾಕಿಸುವ ಧನಿಕರು ಎಷ್ಟು ಮಂದಿ ಹೀಗೆ ತಿದ್ದಿಸಿಕೊಂಡಾರು?

ಇದೆಲ್ಲ ನಮಗೆ ಓದಲು ಸಿಗುವಂತಾದುದಕ್ಕೆ ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. ಮನೆಮನೆ ತಿರುಗಿ ತಾಡವಾಲೆಯ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಮುಂದೆ ಮನೆಯನ್ನೇ ಮಾರಿ ಮುದ್ರಣಾಲಯ ನಡೆಸಿದರು. ವಾಚನಾಲಯದಲ್ಲಿ ವಚನಗಳ ಸಂಪುಟಗಳಿದ್ದರೆ ಲಕ್ಕಮ್ಮನ ಹೆಸರು ಹುಡುಕಿ ಓದಿರಿ. ಭಾಷೆ ಹಳೆಯದಾದರೂ ಎರಡು ಸಲ ಓದಿದರೆ ತಿಳಿಯುತ್ತದೆ. ಓದು ಬಾರದ ಹಿರಿಯರಿಗೆ ಹುಡುಗರು ಓದಿ ಹೇಳಲಿ.

ಮುಂದಿನ ಸೋಮವಾರ ಮೋಳಿಗೆ ಮಾರಯ್ಯನ ಕಥೆಯನ್ನು ಪೂರ್ತಿಯಾಗಿ ಎತ್ತಿಕೊಳ್ಳುವೆವು. ಎರಡನೆಯ ಪಾಳಿಯವರಿಗೆ ಸಂಜೆ ಬರಲಾಗುವುದಿಲ್ಲವೆಂದು ಹೇಳಿದ್ದೀರಿ. ಅವರಿಗಾಗಿ ಬೆಳಿಗ್ಗೆ ಹತ್ತಕ್ಕೆ ಇನ್ನೊಮ್ಮೆ ಹೇಳುತ್ತೇವೆ.