ಕೇಂದ್ರದ ಕೋರ್ಟು ಎಲ್ಲಿದೆ?

(ಯರಗೇರಾದಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



"ನಮ್ಮ ಕೇಸು ರಾಜ್ಯದ್ದೋ, ಕೇಂದ್ರದ್ದೋ?" ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಕಾಯ್ದೆ ಕೇಂದ್ರದ್ದಾದರೆ ಕೋರ್ಟೂ ಕೇಂದ್ರದ್ದಿರಬೇಕೆಂಬ ಎಣಿಕೆ. ಶಾಲೆಯಲ್ಲಿ ಪೌರನೀತಿ ಪಾಠ ಹೇಳುತ್ತಿದ್ದಾಗ ನಾವೂ ಹಾಗೆಯೇ ತಿಳಿದಿದ್ದೆವು! ಅಮೆರಿಕದಲ್ಲಿ ಹಾಗುಂಟು. ಅಲ್ಲಿ ರಾಜ್ಯದ ಕೋರ್ಟುಗಳೇ ಬೇರೆ, ಒಕ್ಕೂಟದ ಕೋರ್ಟುಗಳೇ ಬೇರೆ. ಎರಡು ರಾಜ್ಯದವರ ನಡುವಿನ ತಂಟೆಯ ಮೊತ್ತ 75,000 ಡಾಲರ್ ಮೀರಿದರೆ ಒಕ್ಕೂಟದ ಕೋರ್ಟಿಗೆ ಹೋಗಬಹುದು.

ನಮ್ಮಲ್ಲಿ ಇರುವುದು ಒಂದೇ ನಿಚ್ಚಣಿಕೆ. ದಿಲ್ಲಿಯಲ್ಲಿ 1937ರಿಂದ ಫೆಡರಲ್ ಕೋರ್ಟು ಇತ್ತು. 1950ರಲ್ಲಿ ಅದರ ಜಾಗಕ್ಕೆ ಸುಪ್ರೀಂ ಕೋರ್ಟು ಬಂತು. ನಮ್ಮ ಜಿಲ್ಲೆಯವರಿಗೆ ಹೈಕೋರ್ಟೆಂದರೆ 1956ರವರೆಗೆ ಹೈದರಾಬಾದು, ಆಮೇಲೆ ಬೆಂಗಳೂರು, 2008ರಿಂದ ಕಲಬುರಗಿ. ಕಾಯ್ದೆ ಯಾರು ಮಾಡಿದ್ದಾದರೂ ಸಾಮಾನ್ಯವಾಗಿ ಮೊದಲು ಹತ್ತುವುದು ಊರ ಸಮೀಪದ ಕೋರ್ಟಿನ ಮೆಟ್ಟಿಲು.

ವ್ಯಾಪಾರಿ ಮಿತ್ರರೇ, ಕರ್ನೂಲಿನ ಗಿರಾಕಿ ಕೊಟ್ಟ ಚೆಕ್ಕು ವಾಪಸಾಯಿತೆನ್ನಿ. ಚೆಕ್ಕಿನ ಕಾಯ್ದೆ 1881ರದು, ಕೇಂದ್ರದ್ದು. ಆಸಾಮಿ ಆಂಧ್ರದವನು. ಆದರೂ ನೀವು ಆ ಚೆಕ್ಕನ್ನು ರಾಯಚೂರಿನ ನಿಮ್ಮ ಖಾತೆಗೆ ಹಾಕಿದ್ದರೆ, 2015ರ ತಿದ್ದುಪಡಿಯಂತೆ ಫಿರ್ಯಾದು ರಾಯಚೂರಿನ ಮ್ಯಾಜಿಸ್ಟ್ರೇಟರ ಮುಂದೆಯೇ. ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟೀಸು ಕೊಡಬೇಕು. ಅದು ಮುಟ್ಟಿ 15 ದಿನ ಕಳೆದರೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಫಿರ್ಯಾದು. ದಿಲ್ಲಿಗೆ ಅರ್ಜಿ ಬರೆದು ಕೂತರೆ ಈ ಗಡುವು ನಿಮಗಾಗಿ ಕಾಯುವುದಿಲ್ಲ. ಉದ್ರಿ ಮಾಲಿನ ಬಾಕಿಗೂ ದಾವೆಯ ಅವಧಿ ಮೂರೇ ವರ್ಷ.

ಕಾರ್ಮಿಕ ವಿವಾದಗಳಲ್ಲಿ ಮಾತ್ರ ರಾಜ್ಯ, ಕೇಂದ್ರ ಎಂಬ ಭೇದ ನಿಜವಾಗಿಯೂ ಇದೆ. ಹತ್ತಿ ಗಿರಣಿಯವರು ಹೋಗಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗೆ. ರೈಲ್ವೆ, ಬ್ಯಾಂಕು, ಗಣಿಗಳವರು ಕೇಂದ್ರದ ಅಧಿಕಾರಿಯ ಬಳಿಗೆ. ಹಟ್ಟಿ ಚಿನ್ನದ ಗಣಿಯನ್ನೇ ನೋಡಿರಿ. ಕಂಪನಿ ಕರ್ನಾಟಕ ಸರ್ಕಾರದ್ದು. ಆದರೂ ಗಣಿಯಾದ್ದರಿಂದ ಅಲ್ಲಿನ ವಿವಾದ ಕೇಂದ್ರದ ಪಾಲಿಗೆ. ಮಾಲೀಕನ ಹೆಸರು ನೋಡಿ ಹೊರಟರೆ ದಾರಿ ತಪ್ಪಿತೇ! 1947ರ ಕಾಯ್ದೆಯ ಈ ಹಂಚಿಕೆ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಉಳಿಯದೆ ಹೋದದ್ದು ಅವಧಿ. ಕೆಲಸದಿಂದ ತೆಗೆದವರು ನೇರವಾಗಿ ನ್ಯಾಯಮಂಡಳಿಗೆ ಹೋಗಲು ಮೊದಲು ಮೂರು ವರ್ಷವಿತ್ತು, ಈಗ ಎರಡೇ. ಒಂದು ವರ್ಷವನ್ನು ಬಡವನ ಕೈಯಿಂದ ಕಿತ್ತುಕೊಂಡದ್ದು ಅನ್ಯಾಯವೆಂದೇ ನಾವು ಹೇಳುತ್ತೇವೆ.

ಅಂಥವರು ಇಲ್ಲಿದ್ದರೆ ಸಭೆ ಮುಗಿದ ಮೇಲೆ ನಿಲ್ಲಿರಿ. ತೆಗೆದ ದಿನದ ಚೀಟಿ ತೋರಿಸಿ, ತಾರೀಖು ಕೂಡಿಯೇ ಎಣಿಸೋಣ.