ಗೋಡೆ ಬಿದ್ದರೂ ನಿಲ್ಲುವ ಮನೆ

(ಲಿಂಗಸುಗೂರಿನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ನಾನು ಎಂಜಿನಿಯರ್ ಅಲ್ಲ, ವರದಿಗಾರ. ಪತ್ರಿಕೆಯವರಾದ ನಮಗೆ ಅಂಕಣ ಎಂದರೆ ಬರಹ ತುಂಬುವ ಜಾಗ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹಿರಿಯರಿಗೆ ಅಂಕಣವೆಂದರೆ ಎರಡು ಕಂಬಗಳ ನಡುವಿನ ಜಾಗ. ಮನೆಯ ಅಳತೆ ಹೇಳುವಾಗ ಅವರು ಎಣಿಸುತ್ತಿದ್ದುದು ಅಂಕಣಗಳನ್ನೇ, ಚದರಗಳನ್ನಲ್ಲ. ಲಿಂಗಸುಗೂರಿನಲ್ಲಿ ಹಿಂದೆ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿ ಇತ್ತು. ಆದರೆ ದೊರೆಗಳ ಬಂಗಲೆಯ ಮಾತು ಇಂದು ಬೇಡ.

ದೊರೆಗಳ ನಾಡಿನ ಬಡವರ ಮನೆಯ ಮಾತಾದರೆ ಬೇಕು. ಇಂಗ್ಲೆಂಡಿನ ಯಾರ್ಕ್ ನಗರದ ಗುಡ್‌ರಾಮ್‌ಗೇಟ್ ಬೀದಿಯಲ್ಲಿ 'ಲೇಡಿ ರೋ' ಎಂಬ ಮನೆಗಳ ಸಾಲಿದೆ. 1316ರ ಸುಮಾರಿಗೆ ಚರ್ಚಿನ ಸ್ಮಶಾನದ ಅಂಚಿನಲ್ಲಿ ಕಟ್ಟಿದ್ದು. ಬಾಡಿಗೆ ಹಣ ಪ್ರಾರ್ಥನೆಯ ಖರ್ಚಿಗೆ. ಮರದ ಚೌಕಟ್ಟು ನಿಲ್ಲಿಸಿ, ನಡುವಿನ ತೆರಪನ್ನು ತುಂಬಿ ಗಿಲಾವು ಮಾಡಿದ್ದಾರೆ. ಮೇಲಂತಸ್ತು ಬೀದಿಯ ಕಡೆಗೆ ತುಸು ಚಾಚಿದೆ. ಅಲ್ಲಿಯೂ ಮರದ ಮನೆಯ ಅಳತೆ ಕಂಬದಿಂದ ಕಂಬಕ್ಕೆ, 'ಬೇ' ಎನ್ನುತ್ತಾರೆ. ನಮ್ಮ ಅಂಕಣವೇ ಅದು.

ಅಲ್ಲಿ ಮಳೆ, ಹಿಮ. ಹೀಗಾಗಿ ಇಳಿಜಾರು ಸೂರು. ನಮ್ಮಲ್ಲಿ ಮಳೆ ಕಡಿಮೆ, ಆದ್ದರಿಂದ ಚಪ್ಪಟೆ ಮಾಳಿಗೆ. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿಯ ಮೇಲೆ ಉಳ್ಳವರು ಹಲಗೆ ಹಾಸಿದರೆ, ಇಲ್ಲದವರು ಕಟ್ಟಿಗೆ ಹಾಸಿದರು. ಅದರ ಮೇಲೆ ಸೊಪ್ಪು, ಮಣ್ಣು, ಕೊನೆಗೆ ಸವಳು ಮಣ್ಣು. ಬೆಳೆಗೆ ಬೇಡವಾದ ಈ ಮಣ್ಣು ಮಾಳಿಗೆಗೆ ಬೇಕೇಬೇಕು. ಅದರಲ್ಲಿರುವ ಸೋಡಿಯಂನಿಂದಾಗಿ ನೀರು ಬಿದ್ದೊಡನೆ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ; ನೀರು ಕೆಳಗಿಳಿಯದು. ಮುಂಗಾರಿಗೆ ಮೊದಲು ಹೊಸ ಮಣ್ಣು ಹಾಕುವುದು ವರ್ಷದ ಕೆಲಸ. ಹಳೆಯದನ್ನು ತೆಗೆಯದೆ ಹಾಕುತ್ತ ಹೋದರೆ ಮಾಳಿಗೆ ಭಾರವಾಗುತ್ತದೆ, ಇದು ನಿಜ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅಲ್ಲಿನ ಮನೆಗಳೂ ಇಂಥವೇ. ಹೀಗಾಗಿ ಮಣ್ಣಿನ ಮಾಳಿಗೆ ಕೆಟ್ಟ ಹೆಸರು ಪಡೆಯಿತು. ಭಾರದ ದೋಷ ಇದ್ದದ್ದೇ. ಆದರೆ ಕಾಡುಗಲ್ಲನ್ನು ಮಣ್ಣಿನಲ್ಲಿ ಕೂಡಿಸಿದ, ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದಗಲ್ಲುಗಳಿಲ್ಲದ ದಪ್ಪ ಗೋಡೆಗಳೇ ಮೊದಲು ಕುಸಿದವು. ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಕಂಬ, ತೊಲೆಗಳು ನಿಂತಿದ್ದವೆಂದು ಪರಿಶೀಲಿಸಿದ ಎಂಜಿನಿಯರುಗಳು ಬರೆದಿದ್ದಾರೆ. ಮಾಳಿಗೆ ಹೊತ್ತದ್ದು ಕಂಬ. ಗೋಡೆ ಮರೆಗೆ ಮಾತ್ರ. ಇದು ತಿಳಿಯದೆ ನಾವು ಗೋಡೆ ಉಳಿಸಿ ಕಂಬ ಮಾರುತ್ತಿದ್ದೇವೆ.

ನಮ್ಮ ಮನೆಯಲ್ಲಿಯೇ ಹೀಗಾಯಿತು. ಅಜ್ಜನದು ಒಂಬತ್ತು ಅಂಕಣ. ಪಾಲಾದಾಗ ಕಂಬದಿಂದ ಕಂಬಕ್ಕೆ ಗೋಡೆ ಎಬ್ಬಿಸಿದರು, ಹೊಲ ಹಂಚಿದಷ್ಟೇ ಸುಲಭ. ಆಮೇಲೆ ಕಾಕಾ ಆರ್‌ಸಿಸಿ ಮನೆಗಾಗಿ ತಮ್ಮ ಪಾಲು ಬಿಚ್ಚಿಸಿದರು. ಗಡಿಯ ಕಂಬ ಯಾರದು? ತೊಲೆ ಒಂದೇ ಮರದ್ದು, ಎರಡೂ ಪಾಲಿಗೆ ಚಾಚಿತ್ತು. ಅದನ್ನು ಕಂಬದ ಆಚೆ ಕೊಯ್ಯಬೇಕಿತ್ತು, ಈಚೆ ಕೊಯ್ದರು. ಕಂಬ ಅವರ ಪಾಲಿಗೆ ಹೋಯಿತು, ನಮ್ಮ ತೊಲೆಯ ತುದಿಗೆ ಆಸರೆಯೇ ಇಲ್ಲವಾಯಿತು. ಆ ರಾತ್ರಿ ಮನೆಮಂದಿಯೆಲ್ಲ ಅಂಗಳದಲ್ಲಿ ಮಲಗಿದೆವು.

ಈಗ ಆ ಜಾಗದಲ್ಲಿ ಬೋರ್‌ವೆಲ್ಲಿನ ಹಳೆಯ ಕಬ್ಬಿಣದ ಪೈಪು ನಿಂತಿದೆ. ಅಂಕಣ ಎಣಿಸುವಾಗ ಅಜ್ಜಿ ಅದನ್ನೂ ಕಂಬವೆಂದೇ ಹಿಡಿಯುತ್ತಾಳೆ.