ಸಣ್ಣ ಕೇಂದ್ರದ ದೊಡ್ಡ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹತ್ತನೇ ತರಗತಿಯಲ್ಲಿ ಇದೇ ವೇದಿಕೆಯ ಮೇಲೆ ಭಾಷಣ ಮರೆತು ಕೆಳಗಿಳಿದವನು ನಾನು. ಅದಕ್ಕೇ ಇವತ್ತು ಚೀಟಿ ಬರೆದುಕೊಂಡು ಬಂದಿದ್ದೇನೆ. ತಂತ್ರಜ್ಞಾನದ ಬಗ್ಗೆ ಮಾತಾಡು ಎಂದು ಮುಖ್ಯ ಗುರುಗಳು ಹೇಳಿದರು. ಮೊಬೈಲು, ಕಂಪ್ಯೂಟರ್ ವಿಷಯ ನನಗಿಂತ ಈ ಮಕ್ಕಳಿಗೇ ಚೆನ್ನಾಗಿ ಗೊತ್ತು. ನಾನು ನಮ್ಮ ಶಾಲೆಯ ವಯಸ್ಸಿನದೇ ಆದ ಒಂದು ಪುಟ್ಟ ಟಿ.ವಿ. ಕೇಂದ್ರದ ಕಥೆ ಹೇಳುತ್ತೇನೆ.

1975ನೇ ಇಸವಿ ಆಗಸ್ಟ್ 1. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಸಹಾಯದಿಂದ ಇಸ್ರೋ ಸಂಸ್ಥೆ ಒಂದು ಪ್ರಯೋಗ ಶುರು ಮಾಡಿತು. ಅದರ ಹೆಸರು 'ಸೈಟ್'. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಬಂತು. ನಮ್ಮ ರಾಜ್ಯದಲ್ಲಿ ಅದು ಬಂದದ್ದು ಬೆಂಗಳೂರಿನ ಸುತ್ತಮುತ್ತ ಅಲ್ಲ; ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ ನಮ್ಮ ಕಡೆಯ ಹಳ್ಳಿಗಳು ಟಿ.ವಿ. ನೋಡಿದ್ದವು! ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ತಂತಿಬಲೆಯ ದೊಡ್ಡ ಛತ್ರಿಯ ಕೆಳಗೆ ಪಕ್ಕದೂರಿನ ಜನ ಕೂತದ್ದನ್ನು ನಮ್ಮಜ್ಜ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಒಂದು ವರ್ಷ ಆಯಿತು, ಉಪಗ್ರಹ ವಾಪಸು ಹೋಯಿತು, ಪರದೆ ಕಪ್ಪಾಯಿತು. 1977ರಲ್ಲಿ ಗುಲ್ಬರ್ಗಾಕ್ಕೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು.

ಅದೇ 1975ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲೂ ಒಂದು ಟ್ರಾನ್ಸ್‌ಮಿಟರ್ ನಿಂತಿತು. ನಾನು ಹೇಳಹೊರಟದ್ದು ಇದರ ಕಥೆಯನ್ನೇ. ಅದರ ಶಕ್ತಿ ಎಷ್ಟು ಗೊತ್ತೇ? ಕೇವಲ 1 ಕಿಲೋವ್ಯಾಟ್. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ಕರೆಂಟು! ಅದರ ಪ್ರಸಾರ ಸುತ್ತಲಿನ ಹಳ್ಳಿಗಳಿಗೆ ಮಾತ್ರ. ಟಿ.ವಿ. ಪೆಟ್ಟಿಗೆಗಳನ್ನು ಹೆಚ್ಚಾಗಿ ಇಟ್ಟದ್ದು ಹಾಲಿನ ಸಹಕಾರ ಸಂಘಗಳಲ್ಲಿ. ಅಮುಲ್ ಹುಟ್ಟಿದ ಜಿಲ್ಲೆಯಲ್ಲವೇ? ಸಂಜೆ ಹಾಲು ಹಾಕಲು ಬಂದವರು ಅಲ್ಲೇ ಕೂತು ನೋಡುತ್ತಿದ್ದರು.

ದೊಡ್ಡ ಕೇಂದ್ರಗಳು ಎಲ್ಲರಿಗಾಗಿ ಮಾತಾಡಬೇಕು. ಪಿಜ್ ತನ್ನ ಹಳ್ಳಿಗಳಿಗಾಗಿ ಮಾತಾಡಿದರೆ ಸಾಕಿತ್ತು. ಅಹಮದಾಬಾದಿನ ಬಾಹ್ಯಾಕಾಶ ಬಳಕೆ ಕೇಂದ್ರದವರು ಕಾರ್ಯಕ್ರಮ ಮಾಡುವ ಮುಂಚೆ ಹಳ್ಳಿಗೆ ಹೋಗಿ ಕೂತು, ನಿಮ್ಮ ತೊಂದರೆ ಏನು ಎಂದು ಕೇಳುತ್ತಿದ್ದರು. ಮಾಡಿದ ಮೇಲೆ ಮತ್ತೆ ಹೋಗಿ, ಅರ್ಥವಾಯಿತೇ ಎಂದು ವಿಚಾರಿಸುತ್ತಿದ್ದರು. ದನಕರುಗಳ ಆರೈಕೆಯ ಜೊತೆಗೆ ಕೂಲಿಯ ವಿಷಯ, ಕುಡಿತದ ವಿಷಯ, ಜಾತಿಭೇದದ ವಿಷಯವೂ ಪರದೆಗೆ ಬಂತು. ಹಳ್ಳಿಯವರೇ ಪಾತ್ರ ಮಾಡಿದರು. ಈ ಕೆಲಸಕ್ಕೆ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿಯೂ ಬಂತು. ಕೊನೆಗೆ ದೊಡ್ಡ ಜಾಲ ಬೆಳೆದಾಗ ಈ ಸಣ್ಣ ಕೇಂದ್ರ ಬೇಡವಾಯಿತು. ಚಿತ್ರವೇನೋ ಹಳ್ಳಿಗಳಿಗೆ ಬರುತ್ತಲೇ ಇತ್ತು. ಆದರೆ ಆ ಚಿತ್ರದಲ್ಲಿ ತಮ್ಮೂರು ಇರಲಿಲ್ಲ.

ಇದನ್ನು ಇಲ್ಲಿ ಯಾಕೆ ಹೇಳಿದೆ? ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ಮೂರು ವರ್ಷದ ಹಿಂದೆ ನಾವು ಕೆಲವು ಗೆಳೆಯರು ದುಡ್ಡು ಸೇರಿಸಿ ಈ ಶಾಲೆಗೆ ದೊಡ್ಡ ಪರದೆಯೊಂದನ್ನು, ಅದರೊಳಗೆ ಪಾಠಗಳನ್ನು ತುಂಬಿ ಕೊಟ್ಟೆವು. ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದೆವು. ಹೋದ ವರ್ಷ ಬಂದು ನೋಡಿದರೆ ಅದರ ಮೇಲೆ ಬಟ್ಟೆ ಹೊದಿಸಿತ್ತು. ನನಗೆ ಸಿಟ್ಟೇ ಬಂತು. ವಿಜ್ಞಾನದ ಮೇಡಂ ಸಮಾಧಾನದಿಂದ ಹೇಳಿದರು: "ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಇರೋದಿಲ್ಲಪ್ಪ. ಆ ಪಾಠದ ಮಾತು ನಮ್ಮ ಮಕ್ಕಳಿಗೆ ಹತ್ತೋದಿಲ್ಲ. ಕೊಡೋ ಮುಂಚೆ ಒಂದು ಮಾತು ಕೇಳಿದ್ದರೆ ಹೇಳ್ತಿದ್ದೆವು."

ಕೇಳಿರಲಿಲ್ಲ. ದಿನವೂ ಆಫೀಸಿನಲ್ಲಿ ಗ್ರಾಹಕರಿಗೆ ಏನು ಬೇಕು ಎಂದು ಗಂಟೆಗಟ್ಟಲೆ ಸಭೆ ಮಾಡುವ ನಾನು, ನನ್ನ ಶಾಲೆಯನ್ನು ಒಂದು ಮಾತು ಕೇಳಿರಲಿಲ್ಲ. ಐವತ್ತು ವರ್ಷದ ಹಿಂದೆ ಪಿಜ್‌ನವರಿಗೆ ಗೊತ್ತಿದ್ದದ್ದು ಬಿ.ಇ. ಓದಿದ ನನಗೆ ಗೊತ್ತಿರಲಿಲ್ಲ.

ಅದಕ್ಕೇ ಈ ಸಲ ಪರದೆಯ ಜೊತೆಗೆ ಬ್ಯಾಟರಿ ತಂದಿದ್ದೇವೆ, ಅದೂ ಮೇಡಂ ಅವರನ್ನು ಕೇಳಿಯೇ. ಎರಡು ಕ್ಯಾಮೆರಾ, ಒಂದು ಮೈಕು ಕೂಡ ಇವೆ. ಪಾಠ ತುಂಬಿ ತಂದಿಲ್ಲ. ಪಾಠವನ್ನು ಮಕ್ಕಳೇ ಮಾಡಲಿ. ನಮ್ಮ ಕೆರೆಯಲ್ಲಿ ಹೂಳು ಹೇಗೆ ತುಂಬಿತು, ತೊಗರಿಗೆ ಹುಳ ಯಾವಾಗ ಬೀಳುತ್ತದೆ, ಮೊದಲು ಶಾಲೆಗೆ ಸೇರಿದ ಹುಡುಗಿಯರು ಯಾರು ಎಂದು ಊರಿನ ಹಿರಿಯರನ್ನು ಕೇಳಿ ಚಿತ್ರ ತೆಗೆಯಲಿ. ತಿಂಗಳಿಗೊಮ್ಮೆ ಇದೇ ಅಂಗಳದಲ್ಲಿ ಎಲ್ಲರೂ ಕೂತು ನೋಡೋಣ.

ಹಿರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ನನ್ನ ತರಗತಿಯಲ್ಲಿ ಐವತ್ತೆಂಟು ಮಕ್ಕಳಿದ್ದೆವು. ಈಗ ಹತ್ತನೇ ತರಗತಿಯಲ್ಲಿ ಹತ್ತೊಂಬತ್ತು. ವಾಹನ ಬಂದು ಮಕ್ಕಳನ್ನು ದೂರದ ದೊಡ್ಡ ಶಾಲೆಗೆ ಕರೆದುಕೊಂಡು ಹೋಗುತ್ತಿದೆ. ದೊಡ್ಡದು ಬಂದಾಗ ಸಣ್ಣದು ಬೇಡವಾಗುವುದು ಹೀಗೆಯೇ. ಸಣ್ಣದು ನಮ್ಮ ಮಾತು ಕೇಳಿಸಿಕೊಳ್ಳುತ್ತಿತ್ತು ಎಂಬುದು ಅದು ಹೋದ ಮೇಲೆ ತಿಳಿಯುತ್ತದೆ. ಈ ಶಾಲೆಯ ವಿಷಯದಲ್ಲಿ ಹಾಗಾಗುವುದು ಬೇಡ. ಬರುವ ಜೂನ್‌ನಲ್ಲಿ ಮಗುವನ್ನು ಎಲ್ಲಿಗೆ ಸೇರಿಸುವುದು ಎಂದು ಯೋಚಿಸುವಾಗ, ಒಮ್ಮೆ ಇಲ್ಲಿಗೂ ಬಂದು ಮೇಷ್ಟ್ರ ಹತ್ತಿರ ಮಾತಾಡಿ ನೋಡಿ.

ಈ ಸಲ ಚೀಟಿ ಇದ್ದದ್ದರಿಂದ ಮರೆಯದೆ ಮುಗಿಸಿದ್ದೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು